ಲಫೆವ್ರ್‌ನ 1789: ಪೆನ್ಸಿಲ್ ಹಿಡಿದು ಓದಬೇಕಾದ ಪುಸ್ತಕ

ಫ್ರೆಂಚ್ ಕ್ರಾಂತಿಯ ಬಗ್ಗೆ ಇತಿಹಾಸಕಾರರು ಯಾಕೆ ಇಷ್ಟೊಂದು ವಾದ ಮಾಡುತ್ತಾರೆ ಎಂದು ತಿಳಿಯಬೇಕೇ? ಹಾಗಿದ್ದರೆ ಮೊದಲು ಕೊಳ್ಳಬೇಕಾದ್ದು ಹೊಸ ಪುಸ್ತಕವನ್ನಲ್ಲ, ಫ್ರೆಂಚ್ ಇತಿಹಾಸಕಾರ ಜಾರ್ಜ್ ಲಫೆವ್ರ್ 1939ರಲ್ಲಿ ಬರೆದದ್ದನ್ನು. ಆರ್.ಆರ್. ಪಾಮರ್ 1947ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ‘ದಿ ಕಮಿಂಗ್ ಆಫ್ ದಿ ಫ್ರೆಂಚ್ ರೆವಲ್ಯೂಷನ್’. ಪ್ರಿನ್ಸ್‌ಟನ್ ಪ್ರಕಾಶನದ ಪ್ರತಿಗಳಲ್ಲಿ ಇತಿಹಾಸಕಾರ ತಿಮೊತಿ ಟ್ಯಾಕೆಟ್ ಅವರ ಪ್ರಸ್ತಾವನೆ ಇರುವುದನ್ನೇ ಹುಡುಕಿ ಕೊಳ್ಳಿ. ಆದರೆ ಆ ಪ್ರಸ್ತಾವನೆಯನ್ನು ಕೊನೆಗೆ ಓದಿ. ಮೊದಲೇ ಓದಿದರೆ ಲಫೆವ್ರ್‌ನ ವಾದ ನಿಮ್ಮ ಮನಸ್ಸಿನಲ್ಲಿ ಗಟ್ಟಿಯಾಗುವ ಮುಂಚೆಯೇ ಸಡಿಲವಾಗುತ್ತದೆ.

ವಾದ ಸರಳ. 1789 ಒಂದು ಕ್ರಾಂತಿಯಲ್ಲ, ನಾಲ್ಕು. ತೆರಿಗೆ ಕೊಡಲೊಪ್ಪದ ಶ್ರೀಮಂತ ವರ್ಗ (ಹುಟ್ಟಿನಿಂದಲೇ ಸವಲತ್ತು ಪಡೆದ ಕುಲೀನರು) ಮೊದಲು ರಾಜನನ್ನು ಎದುರಿಸಿತು. ಆಮೇಲೆ ಬೂರ್ಜ್ವಾ, ಅಂದರೆ ಕುಲೀನರಲ್ಲದ ಅನುಕೂಲಸ್ಥ ನಗರವರ್ಗದ ವಕೀಲರು, ಅಧಿಕಾರಿಗಳು ರಾಷ್ಟ್ರೀಯ ಸಭೆ ಕಟ್ಟಿದರು. ಪ್ಯಾರಿಸ್ ಜನ ಬಾಸ್ತೀಯ್ ಕೋಟೆ ಹಿಡಿದು ಆ ಸಭೆಯನ್ನು ಉಳಿಸಿದರು. ಹಳ್ಳಿಗಾಡಿನ ರೈತರು ಊಳಿಗಮಾನ್ಯ ವ್ಯವಸ್ಥೆಯನ್ನು ಬುಡಮೇಲು ಮಾಡಿದರು. ಕೊನೆಯ ಎರಡು ಭಾಗಗಳು ಆಗಸ್ಟ್ 26ರ ಮಾನವ ಹಕ್ಕುಗಳ ಘೋಷಣೆಗೂ ಅಕ್ಟೋಬರ್ 5–6ರ ವರ್ಸೇಲ್ಸ್ ನಡಿಗೆಗೂ ಮೀಸಲು. ಕಥೆ ಅಲ್ಲಿಗೇ ನಿಲ್ಲುತ್ತದೆ. ರಾಜನ ಶಿರಚ್ಛೇದ, ರೋಬೆಸ್ಪಿಯರ್, ನೆಪೋಲಿಯನ್ ಬೇಕೆನ್ನುವವರು ಬೇರೆ ಪುಸ್ತಕ ನೋಡಬೇಕು.

ಹೊಸ ಓದುಗರು ಎಡವುವುದು ಈ ವಿಂಗಡಣೆಯಲ್ಲೇ. ಭಾಗಗಳು ಒಂದರ ಹಿಂದೊಂದು ಬರುವುದರಿಂದ ಘಟನೆಗಳೂ ಹಾಗೆಯೇ ನಡೆದವು ಎಂಬ ಭಾವನೆ ಬರುತ್ತದೆ. ನಿಜದಲ್ಲಿ ಪ್ರೊವೆನ್ಸ್ ಪ್ರಾಂತ್ಯದಲ್ಲಿ 1789ರ ಮಾರ್ಚ್‌ನಲ್ಲೇ ದಂಗೆಗಳಾಗಿದ್ದವು, ಪಾದ್ರಿಗಳು, ಶ್ರೀಮಂತರು, ಉಳಿದ ಜನ ಎಂಬ ಮೂರು ಎಸ್ಟೇಟುಗಳ ಪ್ರತಿನಿಧಿ ಸಭೆಯಾದ ಎಸ್ಟೇಟ್ಸ್ ಜನರಲ್ ಸೇರಿದ್ದು ಮೇ 5ಕ್ಕೆ. ಪ್ಯಾರಿಸ್‌ನಲ್ಲಿ ರೆವೆಯೋಂ ಎಂಬ ಕಾರ್ಖಾನೆ ಮಾಲೀಕನ ವಿರುದ್ಧ ನಡೆದ ಗಲಭೆ ಏಪ್ರಿಲ್ ಕೊನೆಯದು. ಇದಕ್ಕೆ ಪರಿಹಾರ: ಒಂದು ಹಾಳೆಯಲ್ಲಿ ನಾಲ್ಕು ಕ್ರಾಂತಿಗಳಿಗೆ ನಾಲ್ಕು ಕಾಲಂ ಎಳೆದು, ಎಡಬದಿಯಲ್ಲಿ 1787ರ ಫೆಬ್ರವರಿಯಿಂದ 1789ರ ಅಕ್ಟೋಬರ್‌ವರೆಗೆ ತಿಂಗಳುಗಳನ್ನು ಬರೆದುಕೊಳ್ಳಿ. ಓದುತ್ತಾ ತಾರೀಖುಗಳನ್ನು ತುಂಬಿ. ಜುಲೈ ತಿಂಗಳ ಸಾಲು ಕಿಕ್ಕಿರಿದಾಗ ಈ ನಾಲ್ಕು ಹೊಳೆಗಳು ಎಲ್ಲಿ ಕೂಡಿದವೆಂದು ಕಣ್ಣಿಗೇ ಕಾಣುತ್ತದೆ.

ನಾಲ್ಕನೆಯ ಭಾಗಕ್ಕಾಗಿಯಾದರೂ ಪುಸ್ತಕ ಕೊಳ್ಳಬೇಕು. ಫ್ರಾನ್ಸಿನ ಉತ್ತರದ ರೈತರ ಬಗ್ಗೆ 1924ರಲ್ಲೇ ಪ್ರೌಢಪ್ರಬಂಧ ಬರೆದವನು ಲಫೆವ್ರ್. ದಾಖಲೆಗಳಲ್ಲಿ ವರ್ಷಗಟ್ಟಲೆ ಮುಳುಗಿದವನ ಹಿಡಿತ ಇಲ್ಲಿ ಪುಟಪುಟದಲ್ಲೂ ಇದೆ. ಆಗಸ್ಟ್ 4ರ ರಾತ್ರಿಯನ್ನೇ ತೆಗೆದುಕೊಳ್ಳಿ. ಅಂದು ಶ್ರೀಮಂತರು ತಮ್ಮ ಹಕ್ಕುಗಳನ್ನು ಬಿಟ್ಟುಕೊಟ್ಟರು, ಊಳಿಗಮಾನ್ಯ ಪದ್ಧತಿ ಸಂಪೂರ್ಣ ನಾಶವಾಯಿತೆಂದು ಆಗಸ್ಟ್ 11ರ ಶಾಸನ ಸಾರಿತು. ಆದರೆ ಅದೇ ಶಾಸನದಂತೆ ಜೀತದಂಥ ವೈಯಕ್ತಿಕ ಬಾಧ್ಯತೆಗಳು ಪರಿಹಾರವಿಲ್ಲದೆ ಹೋದವೇ ಹೊರತು ಜಮೀನಿಗೆ ಅಂಟಿದ ಗೇಣಿಯಂಥ ಸಲ್ಲಿಕೆಗಳನ್ನು ರೈತನೇ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಿತ್ತು. 1790ರ ಮೇನಲ್ಲಿ ದರ ಗೊತ್ತಾಯಿತು: ಹಣದ ಸಲ್ಲಿಕೆಗೆ ವಾರ್ಷಿಕ ಮೊತ್ತದ 20 ಪಟ್ಟು, ಧಾನ್ಯದ್ದಕ್ಕೆ 25 ಪಟ್ಟು. ಅಷ್ಟು ದುಡ್ಡು ಯಾವ ಸಣ್ಣ ರೈತನ ಬಳಿ ಇದ್ದೀತು? ಹಳ್ಳಿಗಳ ಪ್ರತಿರೋಧ ನಿಲ್ಲಲಿಲ್ಲ. ಪರಿಹಾರವೇ ಇಲ್ಲದ ಪೂರ್ಣ ರದ್ದತಿ ಬಂದದ್ದು 1793ರ ಜುಲೈ 17ರಂದು. ರೈತರು ಬೂರ್ಜ್ವಾಗಳ ಬಾಲ ಹಿಡಿದು ಬಂದವರಲ್ಲ, ಅವರದು ಅವರದೇ ಕ್ರಾಂತಿ ಎಂಬ ಲಫೆವ್ರ್‌ನ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಇಂದಿಗೂ ಗಟ್ಟಿಯಾಗಿ ನಿಂತಿರುವ ಭಾಗ ಇದೇ.

ಪೆನ್ಸಿಲ್ ಬೇಕಾಗುವುದು ಎರಡನೆಯ ಭಾಗಕ್ಕೆ. ಬೆಳೆಯುತ್ತಿದ್ದ ಬೂರ್ಜ್ವಾ ವರ್ಗ ತನ್ನ ಆರ್ಥಿಕ ಬಲಕ್ಕೆ ತಕ್ಕ ಅಧಿಕಾರ ಪಡೆಯಿತು ಎನ್ನುವುದು ಲಫೆವ್ರ್‌ನ ನಿಲುವು. ಬ್ರಿಟಿಷ್ ಇತಿಹಾಸಕಾರ ಆಲ್ಫ್ರೆಡ್ ಕಾಬನ್ 1954ರ ಲಂಡನ್ ಉಪನ್ಯಾಸದಲ್ಲಿ ಇದನ್ನೇ ಹಿಡಿದು ಕೇಳಿದ: ಸಭೆಯಲ್ಲಿ ಕೂತ ಆ ಬೂರ್ಜ್ವಾಗಳು ಯಾರು? ಎಣಿಸಿ ನೋಡಿದರೆ ಮೂರನೆಯ ಎಸ್ಟೇಟಿನ ಪ್ರತಿನಿಧಿಗಳಲ್ಲಿ ವ್ಯಾಪಾರಿಗಳೂ ಉದ್ಯಮಿಗಳೂ ನೂರಕ್ಕೆ ಸುಮಾರು 13 ಮಾತ್ರ; ಹೆಚ್ಚಿನವರು ಸರ್ಕಾರಿ ಹುದ್ದೆಯವರು, ವಕೀಲರು. 1967ರಲ್ಲಿ ಅಮೆರಿಕದ ಇತಿಹಾಸಕಾರ ಜಾರ್ಜ್ ಟೇಲರ್ ಇನ್ನೊಂದು ಪೆಟ್ಟು ಕೊಟ್ಟ: ಶ್ರೀಮಂತರ ಆಸ್ತಿಯೂ ಬೂರ್ಜ್ವಾಗಳ ಆಸ್ತಿಯೂ ಬಹುಪಾಲು ಒಂದೇ ಬಗೆಯದು, ಭೂಮಿ, ಕೊಂಡ ಹುದ್ದೆ, ಬಡ್ಡಿಪತ್ರ. ಹಾಗಾದರೆ ಬಂಡವಾಳಶಾಹಿ ವರ್ಗ ಎಲ್ಲಿ? 1978ರಲ್ಲಿ ಫ್ರೆಂಚ್ ಇತಿಹಾಸಕಾರ ಫ್ರಾಂಸ್ವಾ ಫ್ಯೂರೆ ವರ್ಗದ ಪ್ರಶ್ನೆಯನ್ನೇ ಬದಿಗಿಟ್ಟು, ಕ್ರಾಂತಿಯನ್ನು ರಾಜಕೀಯ ಮಾತಿನಲ್ಲಿ, ಕಲ್ಪನೆಯಲ್ಲಿ ಹುಡುಕಿದ. ರಷ್ಯಾ ಕ್ರಾಂತಿಯ ಕನ್ನಡಕದಲ್ಲಿ ಫ್ರೆಂಚ್ ಕ್ರಾಂತಿಯನ್ನು ನೋಡುವುದು ಸಾಕು ಎಂಬ ಒತ್ತಾಸೆಯೂ ಅವನದಾಗಿತ್ತು.

ಅಲ್ಲಿಗೆ ಲಫೆವ್ರ್ ಸೋತನೇ? ನನ್ನ ಪ್ರಕಾರ ಇಲ್ಲ. ಪ್ರತಿನಿಧಿಗಳ ಪತ್ರಗಳನ್ನೂ ದಿನಚರಿಗಳನ್ನೂ ಆಧರಿಸಿ ಟ್ಯಾಕೆಟ್ 1996ರಲ್ಲಿ ತೋರಿಸಿದ್ದು ಇದು: ವರ್ಸೇಲ್ಸ್‌ಗೆ ಬಂದಾಗ ಇವರು ಕ್ರಾಂತಿಕಾರಿಗಳಾಗಿರಲಿಲ್ಲ, ಸಭೆಯ ಜಟಾಪಟಿಯಲ್ಲಿ ಹಾಗಾದರು, ಆದರೆ ಶ್ರೀಮಂತ ಪ್ರತಿನಿಧಿಗಳಿಗೂ ಇವರಿಗೂ ಹಣ, ಅಂತಸ್ತಿನ ಅಂತರ ನಿಜವಾಗಿಯೂ ದೊಡ್ಡದಿತ್ತು. ಅಂದರೆ ಲಫೆವ್ರ್ ಕಂಡ ಬಿರುಕು ಇತ್ತು, ಅದಕ್ಕೆ ಅವನು ಕೊಟ್ಟ ಕಾರಣ ಪೂರ್ತಿ ಸಾಲದು. ಪ್ರಸ್ತಾವನೆಯನ್ನು ಕೊನೆಗೆ ಓದಿ ಎಂದದ್ದು ಇದಕ್ಕೇ.

ವಸಾಹತುಗಳ ವಿಷಯದಲ್ಲಿ ಮಾತ್ರ ಪುಸ್ತಕದ ಕೊರತೆ ದೊಡ್ಡದು. ಹಕ್ಕುಗಳ ಘೋಷಣೆಯ ಬಗ್ಗೆ ಅಷ್ಟು ಆಳವಾಗಿ ಬರೆದವನು, ಸೇಂಟ್ ದೊಮಿಂಗ್‌ನ (ಕೆರಿಬಿಯನ್‌ನ ಫ್ರೆಂಚ್ ವಸಾಹತು, ಇಂದಿನ ಹೈಟಿ) ಗುಲಾಮರಿಗೆ ಅದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ ತಕ್ಕ ಜಾಗ ಕೊಡಲಿಲ್ಲ. ಅವನ ಪುಸ್ತಕಕ್ಕಿಂತ ಒಂದು ವರ್ಷ ಮೊದಲೇ, 1938ರಲ್ಲಿ, ಟ್ರಿನಿಡಾಡ್‌ನ ಲೇಖಕ ಸಿ.ಎಲ್.ಆರ್. ಜೇಮ್ಸ್ ‘ದಿ ಬ್ಲ್ಯಾಕ್ ಜಾಕೋಬಿನ್ಸ್’ನಲ್ಲಿ ಹೈಟಿಯ ಗುಲಾಮರ ಕ್ರಾಂತಿಯನ್ನು ಪ್ಯಾರಿಸ್‌ನ ಜೊತೆಗೇ ಇಟ್ಟು ಬರೆದಿದ್ದ. ಇವೆರಡನ್ನೂ ಒಟ್ಟಿಗೆ ಓದಿದರೆ ಲಾಭ ಹೆಚ್ಚು.

ಬರೆದ ಕಾಲವನ್ನೂ ಮರೆಯಬಾರದು. ಕ್ರಾಂತಿಯ 150ನೇ ವರ್ಷಕ್ಕೆ, ಯುದ್ಧದ ಹೊಸ್ತಿಲಲ್ಲಿ, ಸಾಮಾನ್ಯ ಓದುಗರಿಗಾಗಿ ಬರೆದದ್ದಿದು. ಮೂಲ ಫ್ರೆಂಚ್ ಪುಸ್ತಕದ ಕೊನೆಯಲ್ಲಿ ಲಫೆವ್ರ್ 1939ರ ಯುವಜನರನ್ನೇ ಉದ್ದೇಶಿಸಿ ಮಾತಾಡುತ್ತಾನೆ. ಯುದ್ಧಕಾಲದಲ್ಲಿ ನಾಜಿಗಳೊಂದಿಗೆ ಕೈಜೋಡಿಸಿದ ಫ್ರಾನ್ಸಿನ ವಿಶಿ ಸರ್ಕಾರ ಸುಮಾರು 8,000 ಪ್ರತಿಗಳನ್ನು ಸುಡಿಸಿತು.

ಪರೀಕ್ಷೆಗೆ ಓದುವವರು ಮೊದಲ ನಾಲ್ಕು ಭಾಗಗಳನ್ನು ಕಾಲಂ ಹಾಳೆಯೊಂದಿಗೆ ಮುಗಿಸಿ, ನಂತರ ಕಾಬನ್‌ಗೆ ಹೋಗಿ. ಫ್ಯೂರೆಯಿಂದ ಶುರು ಮಾಡಬೇಡಿ. ಅವನು ಯಾರೊಂದಿಗೆ ವಾದಿಸುತ್ತಿದ್ದಾನೆಂದು ಗೊತ್ತಿಲ್ಲದಿದ್ದರೆ ಅರ್ಧ ಪುಸ್ತಕ ಗಾಳಿಗೆ ಗುದ್ದಿದಂತೆ ಕಾಣುತ್ತದೆ.