ಧ್ಯಾನದ ಆ್ಯಪ್ ಎರಡು ತಿಂಗಳು ಬಳಸಿದ ಮೇಲೆ: ಗಂಟೆಯ ಸದ್ದು ಚೆನ್ನಾಗಿದೆ, ಮಾತು ಜಾಸ್ತಿ

ಎರಡು ತಿಂಗಳಿಂದ ಒಂದು ಧ್ಯಾನದ ಆ್ಯಪ್ ಬಳಸುತ್ತಿದ್ದೇನೆ. ಹೆಸರು ಬೇಡ, ಬೈಯುವುದೂ ಸ್ವಲ್ಪ ಇದೆ.

ದಿನಾ ಅರ್ಧ ಗಂಟೆ ಕೂರಬೇಕು ಅಂತ ತೀರ್ಮಾನ ಮಾಡುವುದು, ಮೂರನೇ ದಿನಕ್ಕೆ ಕೈಬಿಡುವುದು, ನನ್ನದು ಇದೇ ಕಥೆ. ಈ ಆ್ಯಪ್‌ನಲ್ಲಿ 3 ನಿಮಿಷದ ಅಭ್ಯಾಸ ಇದೆ ಅಂತ ಹಾಕಿಕೊಂಡೆ. ಅಷ್ಟರಲ್ಲಿ ಏನಾಗುತ್ತೆ ಅನ್ನೋ ಅನುಮಾನ ನನಗೂ ಇತ್ತು. 1979ರಲ್ಲಿ ಅಮೆರಿಕದಲ್ಲಿ ಜಾನ್ ಕಬಾಟ್-ಜಿನ್ ಶುರು ಮಾಡಿದ 8 ವಾರದ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ಇಡುವ ಧ್ಯಾನ) ಕಾರ್ಯಕ್ರಮದಲ್ಲಿ ಮನೆಯಲ್ಲಿ ದಿನಕ್ಕೆ 45 ನಿಮಿಷ ಅಭ್ಯಾಸ ಮಾಡಿಸುತ್ತಿದ್ದರು. ಅದರಿಂದ ಬೆಳೆದ ಇನ್ನೊಂದು ಪದ್ಧತಿಯಲ್ಲಿ 3 ನಿಮಿಷದ ಉಸಿರಿನ ಬಿಡುವು ಅಂತ ಒಂದಿದೆ, ಆ್ಯಪ್‌ನವರು ಎತ್ತಿಕೊಂಡಿರುವುದು ಅದನ್ನೇ. ಮೊದಲು ತಲೆಯಲ್ಲಿ ಏನು ಓಡುತ್ತಿದೆ ಅಂತ ನೋಡುವುದು, ಆಮೇಲೆ ಬರೀ ಉಸಿರು, ಕೊನೆಗೆ ಇಡೀ ಮೈ. ಮೂಲ ಪದ್ಧತಿಯಲ್ಲಿ ಉದ್ದದ ಅಭ್ಯಾಸದ ಜೊತೆಗೆ ಇದು ಬರುತ್ತೆ, ಅದರ ಬದಲಿಗೆ ಅಲ್ಲ. ಇದನ್ನು ಆ್ಯಪ್ ಎಲ್ಲೂ ಹೇಳುವುದಿಲ್ಲ, ಹೇಳಿದರೆ ಯಾರು ಹಾಕಿಕೊಳ್ಳುತ್ತಾರೆ ಅಲ್ವಾ.

ಈಗ ಮಾತಿನ ವಿಷಯ. ಒಂದು ದಿನ ಸುಮ್ನೆ ಗಡಿಯಾರ ಹಿಡಿದು ನೋಡಿದೆ. ಕೊಳಲಿನ ಥರದ ಸಂಗೀತ 20 ಸೆಕೆಂಡ್. ಸ್ವಾಗತ, ಹಾಯಾಗಿ ಕೂತುಕೊಳ್ಳಿ, ಭುಜ ಸಡಿಲ ಬಿಡಿ, ಇನ್ನೂ ಸಡಿಲ ಬಿಡಿ, ಇದಕ್ಕೆ 40 ಸೆಕೆಂಡ್. ಮೂರರಲ್ಲಿ ಒಂದು ನಿಮಿಷ ಅಲ್ಲೇ ಹೋಯಿತು! ದನಿ ಇಂಪಾಗಿದೆ, ಇಲ್ಲ ಅನ್ನಲ್ಲ, ಆದರೆ ಉಸಿರು ಹಿಡಿತಕ್ಕೆ ಸಿಕ್ಕಿತು ಅನ್ನುವಷ್ಟರಲ್ಲಿ ಮತ್ತೆ ಬಾಯಿ ಬಿಡುತ್ತಾರೆ. ಎರಡನೇ ವಾರ ಸೆಟ್ಟಿಂಗ್ಸ್‌ನ ಮೂಲೆಯಲ್ಲಿ 'ಗಂಟೆ ಮಾತ್ರ' ಅನ್ನೋದು ಸಿಕ್ಕಿತು. ಮಾತಿಲ್ಲ, ಬರೀ ಗಂಟೆಯ ಸದ್ದು: ಶುರುವಿಗೆ ಒಂದು ಸಲ, ಮುಗಿದಾಗ ಮೂರು ಸಲ. ಆ ಮೂರನೇ ಸದ್ದು ಪೂರ್ತಿ ಕರಗೋವರೆಗೆ ಕಣ್ಣು ತೆರೆಯೋಕೆ ಮನಸ್ಸಾಗಲ್ಲ. ಇಡೀ ಆ್ಯಪ್‌ನಲ್ಲಿ ನನಗೆ ಬೇಕಾಗಿದ್ದು ಇಷ್ಟೇ.

ಸುಮ್ಮನಿದ್ದಾಗ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ನಿಧಾನ ಮಾಡಿ 6ಕ್ಕೆ ಇಳಿಸಿದರೆ ಮೂರು ನಿಮಿಷಕ್ಕೆ 18 ಉಸಿರು. ಒಂದರಿಂದ ಒಂಬತ್ತು, ಎರಡು ಸಲ ಎಣಿಸಿದರೆ ಮುಗಿಯಿತು. ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿ, ಉಸಿರು ಒಳಗೆ ಹೋಗುವಾಗ ನಾಡಿ ಚೂರು ಚುರುಕಾಗುತ್ತೆ, ಹೊರಗೆ ಬಿಡುವಾಗ ನಿಧಾನ ಆಗುತ್ತೆ. ಅದಕ್ಕೇ ಬಿಡುವ ಉಸಿರನ್ನು ಉದ್ದ ಮಾಡಿ ಅನ್ನುವುದು. ನನಗೆ ಇದು ಗೊತ್ತಾದ ಮೇಲೆ ನಂಬಿಕೆ ಬಂತು, ಆ್ಯಪ್‌ನ ಸೂರ್ಯೋದಯದ ಚಿತ್ರಗಳಿಂದ ಅಲ್ಲ.

ನೆನಪಿಸುವ ನೋಟಿಫಿಕೇಶನ್ ದಂಡ. ಹನ್ನೊಂದಕ್ಕೆ ಇಟ್ಟಿದ್ದೆ, ದಿನಾ ಮೀಟಿಂಗ್ ನಡುವೆ 'ಒಂದು ಕ್ಷಣ ಉಸಿರಾಡಿ' ಅಂತ ಟಣ್ ಅನ್ನುತ್ತಿತ್ತು. ತೆಗೆದುಹಾಕಿದೆ. ಈಗ ಆಫೀಸಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಸೀಟ್ ಬೆಲ್ಟ್ ಬಿಚ್ಚುವ ಮೊದಲೇ ಗಂಟೆ ಒತ್ತುತ್ತೇನೆ. ಬೆಲ್ಟ್ ಬಿಚ್ಚಿದರೆ ಕೈ ತಾನಾಗೇ ಬ್ಯಾಗಿಗೆ ಹೋಗುತ್ತೆ, ಅಲ್ಲಿಗೆ ಮುಗಿಯಿತು. ದಿನಾ ಹೇಗೂ ಮಾಡೋ ಕೆಲಸದ ಬಾಲಕ್ಕೆ ಕಟ್ಟಿದ್ದರಿಂದ ಇಷ್ಟು ದಿನ ನಡೆದಿದೆ. ಒಮ್ಮೆ ಸಹೋದ್ಯೋಗಿಯೊಬ್ಬರು ಗಾಜು ತಟ್ಟಿ 'ಹುಷಾರಿದ್ದೀರಾ?' ಅಂತ ಕೇಳಿದರು, ಪಾಪ ಗಾಬರಿಯಾಗಿದ್ದರು.

ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಇರಲ್ಲ. ನೆಟ್‌ವರ್ಕ್ ಇಲ್ಲದಿದ್ದರೆ ಈ ಆ್ಯಪ್ ತೆರೆಯುವುದೇ ಇಲ್ಲ, ಒಂದು ಚಕ್ರ ಸುತ್ತುತ್ತಾ ಕೂರುತ್ತೆ. ಬರೀ ಗಂಟೆ ಬಾರಿಸೋಕೆ ಇಂಟರ್ನೆಟ್ ಯಾಕೆ ಬೇಕು? ಈಗ ಮೇಲಿನ ಗೇಟಿನಲ್ಲಿ ಸಾಲಿನಲ್ಲಿ ನಿಂತಾಗಲೇ ತೆರೆದಿಟ್ಟುಕೊಂಡು ಇಳಿಯುತ್ತೇನೆ.

ಇನ್ನು ದಿನಗಳ ಲೆಕ್ಕ. 23 ದಿನ ಬಿಡದೆ ಮಾಡಿದ್ದೆ. 24ನೇ ದಿನ ಜ್ವರ. ಮಾರನೇ ದಿನ ತೆರೆದರೆ ಬಾಡಿದ ಗಿಡದ ಚಿತ್ರ, ಮತ್ತೆ ಸೊನ್ನೆ. ಶಾಂತವಾಗಿರೋಕೆ ಅಂತ ಕೂತವರಿಗೆ ಬೆಳಗ್ಗೆ ಬೆಳಗ್ಗೆ ಸಿಟ್ಟು ಬರಿಸುವ ಗಿಡ! ಅದನ್ನು ಆಫ್ ಮಾಡೋಕೂ ಆಗಲ್ಲ. ನಿದ್ದೆ ಬರಿಸುವ ಕಥೆಗಳೂ ಇವೆ, ಕೇಳಿಲ್ಲ.

ಐದಕ್ಕೆ ಮೂರು ಅಂಕ ಕೊಡುತ್ತೇನೆ, ಅದರಲ್ಲಿ ಎರಡು ಆ ಗಂಟೆಯ ಸದ್ದಿಗೇ. ಮುಂದಿನ ತಿಂಗಳು ಚಂದಾ ಮುಗಿಯುತ್ತೆ. ಅಷ್ಟರೊಳಗೆ ಅಂಥದ್ದೇ ಗಂಟೆಯ ಸದ್ದನ್ನು ಫೋನಿನ ಟೈಮರ್‌ಗೆ ಹಾಕಿಕೊಳ್ಳೋ ದಾರಿ ಯಾರಿಗಾದರೂ ಗೊತ್ತಿದ್ದರೆ ಹೇಳಿ.