ಹಡಗಿನ ವೇದಿಕೆಗೆ ಮಡಿಕೇರಿಯ ತರಬೇತಿ: ಹಾಡಿನ ಪಾಠ ಗಟ್ಟಿ, ನೀರಿನ ಪಾಠ ತೆಳು

ಕ್ರೂಸ್ ಹಡಗಿನಲ್ಲಿ ಹಾಡಲು, ಕುಣಿಯಲು, ವಾದ್ಯ ನುಡಿಸಲು ಹೊರಡುವವರಿಗಾಗಿ ಮಡಿಕೇರಿಯಲ್ಲಿ 12 ದಿನಗಳ ತರಬೇತಿಯೊಂದು ನಡೆಯುತ್ತಿದೆ. ಶುಲ್ಕ 18,500 ರೂಪಾಯಿ. ಮಧ್ಯಾಹ್ನದ ಊಟ ಅದರಲ್ಲೇ ಬರುತ್ತದೆ, ಉಳಿಯುವ ವ್ಯವಸ್ಥೆ ನೀವೇ ಮಾಡಿಕೊಳ್ಳಬೇಕು. ಒಂದು ತಂಡಕ್ಕೆ ಹತ್ತು ಜನರಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಕೊಡಗಿನ ಹೋಂಸ್ಟೇ, ರೆಸಾರ್ಟ್‌ಗಳಲ್ಲಿ ವಾರಾಂತ್ಯಕ್ಕೆ ಹಾಡುವ ಹುಡುಗ ಹುಡುಗಿಯರಲ್ಲಿ ಹಡಗಿನ ಕಡೆ ಕಣ್ಣಿಟ್ಟವರು ಇದಕ್ಕೆ ಸೇರಬಹುದೇ? ಸೇರಬಹುದು. ಆದರೆ ಇಲ್ಲಿ ಸಿಗುವುದು ಅರ್ಧ ಸಿದ್ಧತೆ ಎಂಬುದು ಮೊದಲೇ ಗೊತ್ತಿರಲಿ. ಹಡಗು ಹತ್ತಿದ ದಿನದಿಂದ ನೀವು ಮೊದಲು ಹಡಗಿನ ಸಿಬ್ಬಂದಿ, ಆಮೇಲೆ ಕಲಾವಿದರು. ಈ ತರಬೇತಿ ಎರಡನೆಯದನ್ನು ಚೆನ್ನಾಗಿ ಕಲಿಸುತ್ತದೆ, ಮೊದಲನೆಯದನ್ನು ಮೇಲೆ ಮೇಲೆ ಮುಟ್ಟಿ ಬಿಡುತ್ತದೆ.

ಮೊದಲು ಮೆಚ್ಚಬೇಕಾದ್ದು ತರಬೇತಿ ನಡೆಸುವವರ ಪ್ರಾಮಾಣಿಕತೆ. 'ನಾವು ಕೆಲಸ ಕೊಡಿಸುವವರಲ್ಲ' ಎಂದು ಮೊದಲ ದಿನವೇ ಹೇಳಿಬಿಡುತ್ತಾರೆ. ಭಾರತದಿಂದ ಹಡಗಿಗೆ ಜನ ಸೇರಿಸುವ ಏಜೆನ್ಸಿಗೆ ಕೇಂದ್ರ ಸರ್ಕಾರದ ಹಡಗು ನಿರ್ದೇಶನಾಲಯವಾದ ಡಿಜಿ ಶಿಪ್ಪಿಂಗ್ ಕೊಡುವ ಆರ್‌ಪಿಎಸ್‌ಎಲ್ ಪರವಾನಗಿ ಇರಲೇಬೇಕು. ಎಂಎಲ್‌ಸಿ 2006 ಎಂಬ ನಾವಿಕ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2015ರಲ್ಲಿ ಸೇರಿದೆ. ಅದರ ಪ್ರಕಾರ ಕೆಲಸ ಕೊಡಿಸಿದ್ದಕ್ಕೆಂದು ಅಭ್ಯರ್ಥಿಯಿಂದ ಹಣ ಪಡೆಯುವಂತಿಲ್ಲ. ಪಾಸ್‌ಪೋರ್ಟ್, ವೈದ್ಯಕೀಯ ಪ್ರಮಾಣಪತ್ರ ಮತ್ತು ನಾವಿಕರ ಪುಸ್ತಕ, ಅಂದರೆ ಸಿಡಿಸಿ, ಇವುಗಳ ಖರ್ಚನ್ನು ಅಭ್ಯರ್ಥಿ ಹಾಕಿಕೊಳ್ಳಬೇಕಾಗಬಹುದು. ವೀಸಾ ಖರ್ಚು ಹಡಗಿನ ಮಾಲೀಕರದು. 'ಪ್ರೊಸೆಸಿಂಗ್', 'ಸೀಟ್ ಬುಕಿಂಗ್' ಎಂದು ಲಕ್ಷದ ಮಾತಾಡುವ ಏಜೆಂಟರ ಸಹವಾಸವೇ ಬೇಡ ಎಂಬುದನ್ನು ಇಲ್ಲಿ ಅರ್ಧ ದಿನ ಕೂರಿಸಿ ಹೇಳುತ್ತಾರೆ. ಪರವಾನಗಿ ಸಂಖ್ಯೆಯನ್ನು ಡಿಜಿ ಶಿಪ್ಪಿಂಗ್ ತಾಣದಲ್ಲಿ ಹುಡುಕುವುದನ್ನೂ ಮಾಡಿಸಿ ತೋರಿಸುತ್ತಾರೆ. ಆದರೆ ಕೊನೆಯ ದಿನ ಕೈಗಿಡುವ ಏಜೆನ್ಸಿಗಳ ಪಟ್ಟಿಯಲ್ಲಿ ಕೆಲವು ಹೆಸರುಗಳ ಮುಂದೆ ಆ ಸಂಖ್ಯೆಯೇ ಇಲ್ಲ. ಕಲಿಸಿದ ಪಾಠವನ್ನು ತಮ್ಮ ಪಟ್ಟಿಗೂ ಅನ್ವಯಿಸಿಕೊಳ್ಳಬೇಕು.

ತರಬೇತಿಯ ತಿರುಳು ಇರುವುದು ಆಡಿಷನ್ ವಿಡಿಯೊದಲ್ಲಿ. ಅದಕ್ಕೆ ಮೂರು ದಿನ. ಇಡೀ ವಿಡಿಯೊ ಮೂರು ನಾಲ್ಕು ನಿಮಿಷ ಮೀರಬಾರದು. ನಿಮ್ಮ ಒಳ್ಳೆಯ ಸಾಲು ಮೊದಲ ಹದಿನೈದು ಸೆಕೆಂಡಿನೊಳಗೇ ಬರಬೇಕು, ಏಕೆಂದರೆ ಆಯ್ಕೆ ಮಾಡುವವರು ದೀರ್ಘ ಆಲಾಪಕ್ಕೆ ಕಾಯುವುದಿಲ್ಲ. ಹಾಡುವವರು ಒಂದು ವಿಳಂಬದ್ದು, ಒಂದು ವೇಗದ್ದು ಎಂದು ಎರಡು ಹಾಡಿನ ತುಣುಕು ಕೊಡಬೇಕು. ಒಂದೇ ಟೇಕ್. ರಿವರ್ಬ್ ಬೇಡ, ಪಿಚ್ ತಿದ್ದುವ ಆ್ಯಪ್ ಬೇಡ. ತಿದ್ದಿದ ದನಿ ಕೇಳಿ ಆರಿಸಿದವರು ರಿಹರ್ಸಲ್‌ನ ಮೊದಲ ದಿನವೇ ನಿಜ ದನಿ ಕೇಳುತ್ತಾರೆ. ಕುಣಿಯುವವರ ತಲೆಯಿಂದ ಪಾದದವರೆಗೆ ಫ್ರೇಮಿನೊಳಗಿರಬೇಕು. ಫೋನ್ ಅಡ್ಡ ಹಿಡಿದು ಎದೆಯ ಎತ್ತರಕ್ಕೆ ನಿಲ್ಲಿಸಬೇಕು. ಹತ್ತು ಜನರ ಗುಂಪಿನಲ್ಲಿ ಕುಣಿದ ಕಾಲೇಜು ದಿನಾಚರಣೆಯ ವಿಡಿಯೊದಿಂದ ಏನೂ ಉಪಯೋಗವಿಲ್ಲ. ಬ್ಯಾಂಡ್‌ನವರು ಹಾಡುಗಳ ಪಟ್ಟಿಯನ್ನೂ, ಪ್ರತಿ ಹಾಡನ್ನು ಯಾವ ಶ್ರುತಿಯಲ್ಲಿ ಹಾಡುತ್ತೀರಿ ಎಂಬುದನ್ನೂ ಜೊತೆಗೆ ಕಳಿಸಬೇಕು.

ರೆಕಾರ್ಡಿಂಗ್ ಕೋಣೆಯ ಬಗ್ಗೆ ಒಂದು ಮಾತು. ಮೇಲೆ ಝಿಂಕ್ ಶೀಟು. ಅದರ ಕೆಳಗೆ ತೆಂಗಿನ ನಾರಿನ ಹಾಸು, ನಾಲ್ಕು ಇಂಚು ಖಾಲಿ ಜಾಗ, ಆಮೇಲೆ ಪ್ಲೈವುಡ್. ಗೋಡೆಗೆ ದಪ್ಪ ಕಂಬಳಿ. ಜಿನುಗು ಮಳೆಗೆ ಇಷ್ಟು ಸಾಕು. ಆಷಾಢದ ಜಡಿಮಳೆಗೆ ಸಾಲದು. ಫೋನಿನ ಮೈಕು ಸದ್ದು ತಗ್ಗಿದಾಗಲೆಲ್ಲ ತಾನಾಗಿ ಗೇನ್, ಅಂದರೆ ಸದ್ದು ಹಿಡಿಯುವ ಪ್ರಮಾಣ, ಏರಿಸಿಕೊಳ್ಳುತ್ತದೆ. ಹಾಡುಗಾರ ಉಸಿರು ತೆಗೆದುಕೊಳ್ಳಲು ನಿಂತ ಕ್ಷಣದಲ್ಲಿ ಮಳೆ ಭೋರೆಂದು ಮುಂದೆ ಬರುತ್ತದೆ, ಹಾಡು ಶುರುವಾದರೆ ಹಿಂದೆ ಸರಿಯುತ್ತದೆ. ಇದಕ್ಕೆ ಇಲ್ಲಿನ ಸೌಂಡ್ ಹುಡುಗರು ಹಿಡಿದ ದಾರಿ ಸರಿಯಾಗಿದೆ: ಧ್ವನಿಯನ್ನು ಬೇರೆ ಮೈಕಿನಲ್ಲಿ, ಗೇನ್ ಕಟ್ಟಿಟ್ಟು ಹಿಡಿಯುತ್ತಾರೆ; ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿಸಿ ಆಮೇಲೆ ಚಿತ್ರಕ್ಕೆ ಹೊಂದಿಸುತ್ತಾರೆ. ಆದರೂ ಜೂನ್‌ನಿಂದ ಆಗಸ್ಟ್‌ವರೆಗಿನ ತಂಡದಲ್ಲಿ ರೆಕಾರ್ಡಿಂಗ್ ಒಂದು ದಿನವಾದರೂ ಹಾಳಾಗುತ್ತದೆ. ಮಳೆ ಕಡಿಮೆ ಇರುವ ಕುಶಾಲನಗರದ ಕಡೆ ಒಂದು ಕೋಣೆ ಹಿಡಿದರೆ ಈ ತಾಪತ್ರಯವೇ ಇರದು.

ಎರಡು ಸಂಜೆ ರೆಸಾರ್ಟ್‌ನಲ್ಲಿ ನಿಜವಾದ ಅತಿಥಿಗಳ ಮುಂದೆ ಹಾಡಿಸುತ್ತಾರೆ. ಇಡೀ ತರಬೇತಿಯಲ್ಲಿ ಅತಿ ಹೆಚ್ಚು ಬೆಲೆಬಾಳುವುದು ಇದೇ. 45 ನಿಮಿಷದ ಮೂರು ಸೆಟ್, ನಡುವೆ ಹದಿನೈದು ನಿಮಿಷ ಬಿಡುವು. ಹಡಗಿನ ಲೌಂಜ್‌ನಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ಕೇಳುಗರಲ್ಲಿ ಅರ್ಧ ಜನ ಊಟದ ಕಡೆ, ಕಾಲುಭಾಗ ಫೋನಿನ ಕಡೆ. ಅವರನ್ನು ಎಳೆದುಕೊಳ್ಳಲು ಯಾವ ಹಾಡಿನ ಹಿಂದೆ ಯಾವ ಹಾಡು ಎಂಬ ಜೋಡಣೆ ಬೇಕು. ಮದುವೆ ಮನೆಯ ವಾಲಗ ಕೇಳಿ ಬೆಳೆದವರಿಗೆ ಇದು ಬೇಗ ಒಗ್ಗುತ್ತದೆ: ವಾಲಗದವರು ಕುಣಿಯುವವರ ಕಾಲು ನೋಡಿಕೊಂಡೇ ನಡೆ ಏರಿಸುತ್ತಾರೆ, ಇಳಿಸುತ್ತಾರೆ. ಪಾರ್ಟಿ ಬ್ಯಾಂಡ್‌ನ ಕೆಲಸವೂ ಅದೇ. ಎರಡೇ ಜನರ ಜೋಡಿಗೂ ನೂರು ಹಾಡಾದರೂ ಕೈಯಲ್ಲಿರಬೇಕು, ಏಕೆಂದರೆ ವಾರವಿಡೀ ಅದೇ ಪ್ರಯಾಣಿಕರು ಎದುರು ಕೂತಿರುತ್ತಾರೆ.

ಆದರೆ ಹಡಗಿನ ಕೆಲಸಗಳೆಲ್ಲ ಒಂದೇ ಬಗೆಯವಲ್ಲ, ಇಲ್ಲಿ ಎಲ್ಲವನ್ನೂ ಒಂದೇ ಮೂಟೆಗೆ ಕಟ್ಟಿದ್ದಾರೆ. ದೊಡ್ಡ ರಂಗಮಂದಿರದ ಪ್ರೊಡಕ್ಷನ್ ಕಾಸ್ಟ್‌ಗೆ, ಅಂದರೆ ಪ್ರದರ್ಶನದ ಕಲಾವಿದರ ತಂಡಕ್ಕೆ, ಸೇರುವವರು ಹಡಗು ಹತ್ತುವ ಮೊದಲೇ ವಾರಗಟ್ಟಲೆ ದಡದಲ್ಲಿ ರಿಹರ್ಸಲ್ ಮಾಡುತ್ತಾರೆ. ಅಲ್ಲಿ ಪ್ರತಿ ಹೆಜ್ಜೆಯೂ ನಿಗದಿ. ಶೋ ಬ್ಯಾಂಡ್‌ನವರಿಗೆ ಮಧ್ಯಾಹ್ನ ಕೈಗೆ ಬಂದ ಸ್ವರಲಿಪಿಯನ್ನು ಅದೇ ರಾತ್ರಿ ನುಡಿಸಬೇಕು. ಅತಿಥಿ ಕಲಾವಿದರು ತಮ್ಮದೇ 45 ನಿಮಿಷದ ಕಾರ್ಯಕ್ರಮ ಹೊತ್ತು ಬಂದು ಕೆಲವೇ ದಿನ ಇದ್ದು ಇಳಿಯುತ್ತಾರೆ. ಪಾಶ್ಚಾತ್ಯ ಸ್ವರಲಿಪಿ ಓದುವುದಕ್ಕೆ ಇಲ್ಲಿ ಕೊಟ್ಟಿರುವುದು ಎರಡೇ ಗಂಟೆ. ಲಿಪಿ ಓದಲು ಬಾರದ ಒಳ್ಳೆಯ ಗಿಟಾರ್‌ವಾದಕ ಶೋ ಬ್ಯಾಂಡ್‌ಗೆ ಅರ್ಜಿ ಹಾಕಿದರೆ ಮೊದಲ ಪರೀಕ್ಷೆಯಲ್ಲೇ ಹೊರಬೀಳುತ್ತಾನೆ. ಪಾರ್ಟಿ ಬ್ಯಾಂಡ್‌ಗೆ ಹಾಕಿದರೆ ಅವನಿಗೆ ಕೆಲಸ ಸಿಗಬಹುದು. ಈ ವ್ಯತ್ಯಾಸವನ್ನು ಮೊದಲ ದಿನವೇ ಹೇಳಬೇಕು.

ಕಾಗದಪತ್ರದ ಪಾಠ ಕೊಡಗಿನವರಿಗೆ ಹೇಳಿ ಮಾಡಿಸಿದ ಹಾಗಿದೆ. ಇಲ್ಲಿ ಅನೇಕರ ಹೆಸರಿನಲ್ಲಿ ಮನೆಪೆದ, ಅಂದರೆ ಮನೆತನದ ಹೆಸರು, ಮೊದಲು, ತಂದೆಯ ಹೆಸರು ನಡುವೆ, ಸ್ವಂತ ಹೆಸರು ಕೊನೆಗೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್, ಆಧಾರ್‌ನಲ್ಲಿ ಬಿಡಿಸಿ ಬರೆದ ಹೆಸರು, ಪಾಸ್‌ಪೋರ್ಟ್‌ನಲ್ಲಿ ಉಪನಾಮದ ಜಾಗ ಖಾಲಿ. ಹಾಗೆ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಿಮ್ಮ ಪೂರ್ತಿ ಹೆಸರು ಉಪನಾಮದ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಹೆಸರು ಗೊತ್ತಿಲ್ಲ) ಎಂದು ಅಚ್ಚಾಗುತ್ತದೆ. ಆಮೇಲೆ ವಿಮಾನದ ಟಿಕೆಟ್, ಸಿಡಿಸಿ, ಬ್ಯಾಂಕ್ ಖಾತೆ ಒಂದಕ್ಕೊಂದು ತಾಳೆಯಾಗದೆ ತಿಂಗಳು ಕಳೆಯುತ್ತದೆ. ಮೊದಲು ಪಾಸ್‌ಪೋರ್ಟ್ ಸರಿಮಾಡಿಸಿ, ಉಳಿದದ್ದೆಲ್ಲ ಅದರ ಹಿಂದೆ ಎಂದು ಇವರು ಹಟ ಹಿಡಿಯುವುದು ಸರಿಯೇ. ಹಡಗಿನ ಸಿಬ್ಬಂದಿಗೆ ಅಮೆರಿಕ ಕೊಡುವ ಸಿ1/ಡಿ ವೀಸಾ ಬೇಕಾಗುವುದು ಅಮೆರಿಕದ ಬಂದರು ಮುಟ್ಟುವ ಹಡಗಿಗೆ ಮಾತ್ರ. 2021ರಲ್ಲಿ ಮುಂಬೈಯಿಂದ ಓಡಾಟ ಶುರುಮಾಡಿದ ಕಾರ್ಡೇಲಿಯಾದಂಥ ದೇಶೀ ಸಂಸ್ಥೆಯ ಹಡಗಿಗೆ ಸೇರುವವರು ಆ ಚಿಂತೆ ಬಿಟ್ಟು ಹಿಂದಿ ಹಾಡುಗಳ ಪಟ್ಟಿ ಉದ್ದ ಮಾಡಿಕೊಳ್ಳುವುದು ಲೇಸು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಚುಚ್ಚಿಸಿಕೊಂಡ ಹತ್ತು ದಿನದ ಮೇಲೆಯೇ ಚಾಲ್ತಿಗೆ ಬರುತ್ತದೆ. ಹೊರಡುವ ವಾರ ಲಸಿಕೆ ಹುಡುಕಿಕೊಂಡು ಹೋದರೆ ಕೆಲಸ ಕೆಟ್ಟಿತು.

ಇನ್ನು ನೀರಿನ ಪಾಠ. ಎಸ್‌ಟಿಸಿಡಬ್ಲ್ಯೂ ಎಂಬ ನಾವಿಕ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದ ಹೇಳುವ ಮೂಲ ಸುರಕ್ಷತಾ ಕೋರ್ಸುಗಳನ್ನು ಡಿಜಿ ಶಿಪ್ಪಿಂಗ್ ಮಾನ್ಯತೆ ಪಡೆದ ಸಂಸ್ಥೆಯಲ್ಲೇ ಮಾಡಬೇಕು. ಮಡಿಕೇರಿಯ ಈ ತರಬೇತಿ ಅದಕ್ಕೆ ಬದಲಿಯಲ್ಲ, ಅವರು ಹಾಗೆ ಹೇಳಿಕೊಳ್ಳುವುದೂ ಇಲ್ಲ. ಆದರೆ ಅದಕ್ಕೆ ಮೈಮನಸ್ಸು ಸಜ್ಜು ಮಾಡಿಸಬಹುದಿತ್ತು. ಆ ಕೋರ್ಸಿನಲ್ಲಿ ಎತ್ತರದಿಂದ ನೀರಿಗೆ ಹಾರಬೇಕು, ಲೈಫ್ ಜಾಕೆಟ್ ತೊಟ್ಟು ಈಜಬೇಕು, ಅದಿಲ್ಲದೆಯೂ ತೇಲಬೇಕು, ಮಗುಚಿದ ಲೈಫ್ ರಾಫ್ಟನ್ನು ನೇರ ಮಾಡಬೇಕು. ಹೊಳೆ ಹರಿಯುವ ಜಿಲ್ಲೆಯಲ್ಲಿ ಹುಟ್ಟಿದರೂ ಈಜು ಬಾರದವರು ನಮ್ಮಲ್ಲಿ ಎಷ್ಟೋ ಜನ. ಇಲ್ಲಿ ಈಜುಕೊಳಕ್ಕೆ ಒಂದು ಸಲವೂ ಕರೆದೊಯ್ಯುವುದಿಲ್ಲ. ಇರುವುದು ತೋರಿಸುವುದಕ್ಕೆಂದು ಒಂದೇ ಒಂದು ಲೈಫ್ ಜಾಕೆಟ್. ಸೀಟಿ ಕಿತ್ತುಹೋಗಿದೆ, ದೀಪ ಉರಿಯುವುದಿಲ್ಲ, ಸೊಂಟದ ಪಟ್ಟಿಯ ಬಕಲ್ ಸಡಿಲ. ಜಾಕೆಟ್ ಎಂದೂ ಕಂಡಿರದವರಲ್ಲೂ ನೂರಕ್ಕೆ 75 ಜನ ಯಾರ ನೆರವೂ ಇಲ್ಲದೆ ಒಂದು ನಿಮಿಷದೊಳಗೆ ಸರಿಯಾಗಿ ತೊಡುವಂತೆ ಅದು ಇರಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ತುರ್ತಿನಲ್ಲಿ ಪ್ರಯಾಣಿಕರಿಗೆ ಅದನ್ನು ತೊಡಿಸುವ ಹೊಣೆ ನೃತ್ಯಗಾರ್ತಿಯ ಮೇಲೂ ಬೀಳುತ್ತದೆ. ಏಳು ಚಿಕ್ಕ, ಒಂದು ಉದ್ದ ಸೈರನ್ ಕೇಳಿದರೆ ಮೇಕಪ್ ಅರ್ಧಕ್ಕೇ ಬಿಟ್ಟು ತನಗೆ ಗೊತ್ತುಮಾಡಿದ ಜಾಗಕ್ಕೆ ಓಡಬೇಕು. ಸಿಬ್ಬಂದಿಗೆ ತಿಂಗಳಿಗೆ ಒಮ್ಮೆಯಾದರೂ ಹಡಗು ತೊರೆಯುವ ಡ್ರಿಲ್, ಬೆಂಕಿಯ ಡ್ರಿಲ್ ಕಡ್ಡಾಯ. ಬಂದರಿನಲ್ಲಿ ಎಲ್ಲರೂ ಊರು ನೋಡಲು ಇಳಿದಾಗ ಸಿಬ್ಬಂದಿಯಲ್ಲಿ ಒಂದು ಪಾಲು ಹಡಗಿನಲ್ಲೇ ಉಳಿಯಬೇಕು, ಆ ಸರದಿ ಕಲಾವಿದರಿಗೂ ಬರುತ್ತದೆ. ಇವೆಲ್ಲವನ್ನೂ ಒಂದೂವರೆ ಗಂಟೆಯ ಭಾಷಣದಲ್ಲಿ ಮುಗಿಸಿದ್ದು ದೊಡ್ಡ ಕೊರತೆ.

ಅಲುಗುವ ವೇದಿಕೆಯ ಅಭ್ಯಾಸವೂ ಇಲ್ಲ. ಹಾರಿದಾಗ ನೆಲ ಕೆಳಗಿಳಿದರೆ ಕಾಲು ತಡವಾಗಿ ತಾಗುತ್ತದೆ, ಮೇಲೆದ್ದರೆ ಬೇಗ ತಾಗಿ ಮಂಡಿಗೆ ಪೆಟ್ಟು. ಅದಕ್ಕೇ ಕಡಲು ಜೋರಾದ ರಾತ್ರಿ ಎತ್ತುವ, ಹಾರುವ ಭಾಗಗಳನ್ನು ತೆಗೆದುಹಾಕುತ್ತಾರೆ. ಕಾಲನ್ನು ಅಗಲಿಸಿ, ಮಂಡಿ ಸಡಿಲಿಸಿ ಇಳಿಯುವುದನ್ನು ಇಲ್ಲೇ ರೂಢಿ ಮಾಡಿಸಬಹುದು, ಅದಕ್ಕೆ ಕಡಲು ಬೇಕಿಲ್ಲ. ಸಂಪಾಜೆ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡುವವರು ಸಮುದ್ರದಲ್ಲೂ ಎಚ್ಚರವಾಗಿರಬೇಕು. ಕಣ್ಣು ಕಂಡದ್ದಕ್ಕೂ ಒಳಕಿವಿ ಗ್ರಹಿಸಿದ್ದಕ್ಕೂ ತಾಳೆಯಾಗದಿರುವುದೇ ಎರಡಕ್ಕೂ ಕಾರಣ. ಕಿಟಕಿಯಿಲ್ಲದ ಸಿಬ್ಬಂದಿ ಕೋಣೆಯಲ್ಲಿ ಅದು ಹೆಚ್ಚು. ಮಾತ್ರೆ ನುಂಗಿದರೆ ತೂಕಡಿಕೆ ಬರುತ್ತದೆ, ಆದ್ದರಿಂದ ಯಾವ ಮಾತ್ರೆ ನಿಮಗೆ ಒಗ್ಗುತ್ತದೆ ಎಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ ನೋಡಿಕೊಳ್ಳಿ.

ಸೂಟ್‌ಕೇಸಿಗೆ ಏನು ತುಂಬಬೇಕು ಎಂಬ ಕೈಪಿಡಿ ಚೆನ್ನಾಗಿದೆ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಒಯ್ಯಬೇಡಿ ಎನ್ನುವುದರ ಜೊತೆ ಕಾರಣವನ್ನೂ ಬರೆದಿದ್ದಾರೆ: ಹಡಗಿನ ವಿದ್ಯುತ್ ಜಾಲ ಮನೆಯದರಂತೆ ಅರ್ಥ್ ಆಗಿರುವುದಿಲ್ಲ, ಆ ಬೋರ್ಡ್ ಬಿಸಿಯಾಗಿ ಬೆಂಕಿ ಹತ್ತುವ ಅಪಾಯ ಇದೆ. ಇಸ್ತ್ರಿಪೆಟ್ಟಿಗೆ, ಕೆಟಲ್ ಕೂಡ ಭದ್ರತಾ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. ಗಿಟಾರ್ ತಂತಿ ಹೆಚ್ಚಾಗಿಯೇ ಇರಲಿ. ಕೈಪಿಡಿಯಲ್ಲಿ ಬಿಟ್ಟುಹೋದದ್ದು ನಮ್ಮ ಊರಿನ ವಸ್ತುಗಳು. ಕೊಡವರ ಉಡುಗೆಯಾದ ಕುಪ್ಯ, ಚೇಲೆ ತೊಟ್ಟು ಕುಣಿಯುವ ಆಸೆಯಿದ್ದರೆ ಒಯ್ಯಿರಿ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಮಾತ್ರ ಮನೆಯಲ್ಲೇ ಇರಲಿ. ಮರದ್ದು ಮಾಡಿಸಿ, ಸ್ಟೇಜ್ ಮ್ಯಾನೇಜರ್‌ಗೆ ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆಯಿರಿ. ದುಡಿ ವಾದ್ಯದ ಚರ್ಮ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಬಂದರುಗಳಲ್ಲಿ ತಪಾಸಣೆಗೆ ಸಿಗುತ್ತದೆ, ಮುಚ್ಚಿಡದೆ ಘೋಷಿಸಬೇಕು. ಹಂದಿಮಾಂಸದ ಉಪ್ಪಿನಕಾಯಿ ಎಷ್ಟೇ ಬಿಗಿಯಾಗಿ ಕಟ್ಟಿದರೂ ಒಯ್ಯಬೇಡಿ.

ಒಪ್ಪಂದ ಓದಿಸುವ ದಿನವನ್ನು ತಪ್ಪಿಸಿಕೊಳ್ಳಬೇಡಿ. ಮಾದರಿ ಒಪ್ಪಂದವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ರಿಹರ್ಸಲ್ ದಿನಗಳ ಸಂಬಳ ಹಡಗಿನ ಸಂಬಳಕ್ಕಿಂತ ಕಡಿಮೆಯೇ? ವೇದಿಕೆಯ ಕೆಲಸದ ಆಚೆಗೆ ಬೇರೆ ಯಾವ ಡ್ಯೂಟಿ ಇದೆ? ಗಾಯವಾದರೆ ಚಿಕಿತ್ಸೆ ಯಾರದು, ವಾಪಸ್ ಟಿಕೆಟ್ ಯಾರದು? ಎಂಎಲ್‌ಸಿ ಪ್ರಕಾರ ನಾವಿಕರಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ಏಳು ದಿನದಲ್ಲಿ 77 ಗಂಟೆ ವಿಶ್ರಾಂತಿ ಸಿಗಬೇಕು. ದಾಖಲೆಗೆ ಸಹಿ ಹಾಕುವಾಗ ಡ್ರಿಲ್ ಮತ್ತು ರಿಹರ್ಸಲ್ ಗಂಟೆಗಳೂ ಕೆಲಸದ ಲೆಕ್ಕಕ್ಕೆ ಬಂದಿವೆಯೇ ನೋಡಿಕೊಳ್ಳಿ ಎಂದು ಅವರು ಒತ್ತಿ ಹೇಳುವುದು ಬಹಳ ಮುಖ್ಯ.

ಸೇರುವ ಮನಸ್ಸಿದ್ದರೆ ಸೆಪ್ಟೆಂಬರ್ ಕಳೆದ ಮೇಲಿನ ತಂಡ ಆರಿಸಿಕೊಳ್ಳಿ, ಅದಕ್ಕೂ ಮೊದಲು ಎರಡು ತಿಂಗಳು ಈಜು ಕಲಿಯಿರಿ. ಮಳೆಗಾಲದಲ್ಲಿ ಹಡಗಿನ ಕರೆ ಬಂದರೆ ಬೆಂಗಳೂರಿಗೆ ಒಂದು ದಿನ ಮುಂಚೆಯೇ ಹೊರಡಿ. 2018ರಲ್ಲಿ ಘಾಟಿ ರಸ್ತೆಗಳು ಕುಸಿದದ್ದು ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಪಾಸ್‌ಪೋರ್ಟ್, ಸಿಡಿಸಿ, ವೈದ್ಯಕೀಯ ಪ್ರಮಾಣಪತ್ರ, ಸೇರ್ಪಡೆ ಪತ್ರದ ಮುದ್ರಿತ ಪ್ರತಿ, ಈ ನಾಲ್ಕೂ ಕೈಚೀಲದಲ್ಲಿರಲಿ. ಸೂಟ್‌ಕೇಸ್ ವಿಮಾನದಲ್ಲಿ ತಪ್ಪಿಹೋದರೂ ಇವು ಕೈಯಲ್ಲಿದ್ದರೆ ಹಡಗು ಹತ್ತಿಸಿಕೊಳ್ಳುತ್ತಾರೆ.