ಮಸಾಲಪುರಿ ನಾಚೋಸಾ, ಪಾವ್‌ಭಾಜಿ ಪಾಸ್ತಾನಾ?

ಆಫೀಸಿನಿಂದ ಬಂದು ಅರ್ಧ ಗಂಟೆಯಲ್ಲಿ ಊಟ ಆಗಬೇಕಾ? ಹಾಗಾದರೆ ಪಾಸ್ತಾ. ಅದು ಬೇಯುವಷ್ಟರಲ್ಲಿ ಬೆಣ್ಣೆಯಲ್ಲಿ ಈರುಳ್ಳಿ, ಕ್ಯಾಪ್ಸಿಕಂ, ಟೊಮೆಟೊ, ಪಾವ್‌ಭಾಜಿ ಮಸಾಲೆ ಬಾಡಿಸಿ, ಬೆಂದ ಆಲೂಗಡ್ಡೆ ಕಿವುಚಿ ಸೇರಿಸಿ. ಇಬ್ಬರಿಗೆ 1 ಆಲೂಗಡ್ಡೆ ಸಾಕು, ಜಾಸ್ತಿಯಾದರೆ ಮುದ್ದೆಯಾಗುತ್ತದೆ. ಪಾಸ್ತಾ ಬೆಂದ ನೀರು ಪೂರ್ತಿ ಚೆಲ್ಲಬೇಡಿ, ಭಾಜಿಗೆ ಪಾಸ್ತಾ ಬೆರೆಸುವಾಗ ಸ್ವಲ್ಪ ಹಾಕಿ. ಅದರ ಗಂಜಿಯಿಂದಲೇ ಭಾಜಿ ಪಾಸ್ತಾಗೆ ಚೆನ್ನಾಗಿ ಅಂಟುವುದು.

ನಾಚೋಸ್‌ಗೆ (ಮೆಕ್ಕೆಜೋಳದ ಚಿಪ್ಸ್ ಮೇಲೆ ಮಸಾಲಪುರಿ) ಒಣ ಬಟಾಣಿಯನ್ನು ಬೆಳಗ್ಗೆಯೇ ನೆನೆಹಾಕಬೇಕು. ಆದರೆ ರುಚಿಯಲ್ಲಿ ನನಗೆ ಇದೇ ಮೇಲು. ಬಿಸಿ ಬಟಾಣಿ ಗ್ರೇವಿ, ಹಸಿ ಈರುಳ್ಳಿ, ಕ್ಯಾರೆಟ್ ತುರಿ, ಹುಣಸೆ-ಬೆಲ್ಲದ ಚಟ್ನಿ, ಕೊನೆಗೆ ಸೇವ್. ಬೆಂಗಳೂರಿನ ಸಂಜೆಯ ರುಚಿಯೇ ಅಲ್ವಾ! ಗ್ರೇವಿ ಸುರಿದ ಕೂಡಲೇ ತಿನ್ನಬೇಕು, ಇಲ್ಲದಿದ್ದರೆ ಚಿಪ್ಸ್ ಮೆತ್ತಗಾಗುತ್ತವೆ. ಮನೆಯವರು ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬರುವುದಾದರೆ ಪಾಸ್ತಾನೇ ಮಾಡಿ.